ಬಾಗಿಲಿಂದಲೇ ವಾಪಸ್

ಲುಕಾಂಗ್, ತೈವಾನ್
12 ಜೂನ್ 2007

ತ್ಯಾನ್‌ಷುನ್,

ಬರೆಯುವುದು ನನ್ನ ಕೆಲಸವಲ್ಲ. ನೀನು ಓದಲಿ ಅಂತ ನಾಲ್ಕನೆಯ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿ ಅಂಗಳದಲ್ಲಿ ಶ್ಯಾವಿಗೆ ಎಳೆಯಲು ನಿಲ್ಲಿಸಿದರು. ಓದಿದವನು ನೀನು, ಬರೆಯಬೇಕಾದವನೂ ನೀನೇ. ಆದರೂ ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯ. ಅಕ್ಷರ ಸೊಟ್ಟಗಿದ್ದರೆ ತಲೆ ಓರೆ ಮಾಡಿಕೊಂಡು ಓದು.

ಹೊಸ ವರ್ಷದ ದಿನ ಫೋನಿನಲ್ಲಿ ನೀನು ಏನಂದೆ, ನೆನಪಿದೆಯಾ? "ಅಕ್ಕ, ಇನ್ಮೇಲೆ ಫೋನ್ ಮಾಡ್ಬೇಡ. ನೀನು ಮಾಡೋದೇ ಬೈಯೋಕೆ. ಏನಿದ್ರೂ ಬರೆಸಿ ನನ್ನ ಆಫೀಸಿನ ಮೇಲ್‌ಗೆ ಕಳಿಸು, ನಿಧಾನವಾಗಿ ಓದ್ತೀನಿ." ಸರಿ ಅಂದೆ. ಬೇಡ ಅಂದವನಿಗೆ ಫೋನ್ ಮಾಡುವ ಹೆಂಗಸಲ್ಲ ನಾನು. ಅಳಿಯ ಗುವೊಡಾಂಗ್‌ನನ್ನು ಕಂಪ್ಯೂಟರ್ ಮುಂದೆ ಕೂರಿಸಿ ನಾನು ಹೇಳಿದೆ, ಅವನು ಬಡಿದ. ಅಮ್ಮನನ್ನು ಮಣ್ಣು ಮಾಡಿ ಏಳು ವರ್ಷ ದಾಟಿತು, ಮೂಳೆ ಎತ್ತಿ ಅಸ್ಥಿಗೋಪುರದಲ್ಲಿಡುವ ಕಾಲ ಬಂತು, ಪಂಚಾಂಗದವನು ಮಾರ್ಚ್ 28 ಅಂದಿದ್ದಾನೆ, ಬಾ ಅಂತ ಬರೆಸಿದೆ. ನೀನು ಉತ್ತರ ಕೊಡಲಿಲ್ಲ. ಮತ್ತೆ ಬರೆಸಿದೆ. ಅದರ ಬದಲು ಏನು ಬಂತು? "ಅಮ್ಮನ ಕೆಲಸಕ್ಕೆ ದಿನ ಗೊತ್ತಾದರೆ ತಿಳಿಸು" ಅಂತ ನಿನ್ನದೊಂದು ಸಾಲು. ದಿನ ಬರೆದು ಕಳಿಸಿದವಳನ್ನೇ ದಿನ ಯಾವಾಗ ಅಂತ ಕೇಳುತ್ತೀಯಲ್ಲ, ಆಟ ಆಡುತ್ತಿದ್ದೀಯಾ ಅಂತ ಕೋಪ ಬಂತು. ಕೋಪದಲ್ಲೇ ಮೂರನೆಯದು ಬರೆಸಿದೆ. ಅದಕ್ಕೂ ಸುದ್ದಿಯಿಲ್ಲ.

ಹಿಂದಿನ ದಿನ ಅಮ್ಮನ ಫೋಟೋ ಮುಂದೆ ಕೂತು ಶಕುನ ಕೇಳುವ ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದೆ. ಅಮ್ಮಾ, ಮಗ ಬಂದನೇನೇ ಅಂತ ಕೇಳಿದೆ. ಒಂದು ಮೇಲ್ಮುಖ, ಒಂದು ಕೆಳಮುಖ ಬಿತ್ತು. ಹೌದು. ಮತ್ತೆ ಹಾಕಿದೆ, ಹೌದು. ಮತ್ತೊಂದು ಸಲವೂ ಹೌದು. ಅದನ್ನೇ ನಂಬಿಕೊಂಡು ಗುಡ್ಡಕ್ಕೆ ಹೋದೆ.

ಮೂಳೆ ಎತ್ತುವ ಯಾನ್ ಮೇಸ್ತ್ರಿ ಮಣ್ಣು ತೆಗೆದು, ಪೆಟ್ಟಿಗೆಯ ಮುಚ್ಚಳದವರೆಗೆ ಇಳಿದು, ಅಲ್ಲೇ ಸಿಗರೇಟು ಹಚ್ಚಿ ಕೂತ. "ಮಗ ಎಲ್ಲಿ? ಮೂಳೆಗೆ ಬಿಸಿಲು ಬೀಳದ ಹಾಗೆ ಕೊಡೆ ಯಾರು ಹಿಡೀತಾರೆ?" ಅಂದ.

"ಬರ್ತಾನೆ. ಅಮ್ಮನೇ ಹೇಳಿದ್ದಾಳೆ" ಅಂದೆ.

"ಅಮ್ಮ ಹೇಳಿದ್ದು ಸರಿ ತಾಯಿ. ಬಸ್ಸಿನವನೂ ಹೇಳ್ಬೇಕಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಳ್ಳೆಯ ಗಳಿಗೆ ಮುಗಿಯುತ್ತಾ ಬಂತು, ಬಿಸಿಲು ನೆತ್ತಿಗೆ ಏರಿತು. ಚಿಕ್ಕಪ್ಪನ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಗುವೊಡಾಂಗ್ ಕರಿ ಕೊಡೆ ಬಿಚ್ಚಿ ಪೆಟ್ಟಿಗೆಯ ಮೇಲೆ ಹಿಡಿದ, ಮುಚ್ಚಳ ತೆಗೆದರು. ಏಳು ವರ್ಷದ ಮೇಲೆ ಅಮ್ಮ ಮೊದಲು ಕಂಡದ್ದು ಬೇರೆ ಮನೆತನದವನ ನೆರಳು. ಬದುಕಿದ್ದಾಗ ನಿನ್ನ ಹೆಸರು ಹಿಡಿಯದೆ ಒಂದು ತುತ್ತು ಬಾಯಿಗೆ ಇಟ್ಟವಳಲ್ಲ ಅವಳು.

ಇಷ್ಟು ಹೇಳಬೇಕಿತ್ತು. ಉಳಿದದ್ದು ನಿನಗೆ ಬೇಡದ ಸುದ್ದಿ, ಬರೆಯುವುದಿಲ್ಲ. ಮೇಲ್ ಓದಲು ನಿನಗೆ ಕಣ್ಣಿಲ್ಲದಿದ್ದರೆ ಕಾಗದವನ್ನಾದರೂ ಕೈಯಲ್ಲಿ ಮುಟ್ಟಿ ನೋಡು.

ಬಿಯುನ್

*

ಹಮಾಮತ್ಸು, ಜಪಾನ್
25 ಜೂನ್ 2007

ಅಕ್ಕನವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಊಟದ ಮೇಜಿನ ಹತ್ತಿರ ನಿಂತುಕೊಂಡೇ ಓದಿದೆ, ಆಮೇಲೆ ಕೂತುಕೊಂಡೆ. ಅಮ್ಮನ ಮೂಳೆ ಎತ್ತಿ ಮೂರು ತಿಂಗಳಾಗಿದೆ ಎಂಬುದು ನನಗೆ ಗೊತ್ತಾದದ್ದು ಹಾಗೆ.

ನಿಮ್ಮಿಂದ ಒಂದು ಮೇಲ್ ಕೂಡ ನನಗೆ ಬಂದಿಲ್ಲ. ಮೊದಲನೆಯದೂ ಇಲ್ಲ, ಮೂರನೆಯದೂ ಇಲ್ಲ. ಕಸದ ಮೇಲ್‌ಗಳು ಬೀಳುವ ಪೆಟ್ಟಿಗೆಯನ್ನೂ ಕೆದಕಿ ನೋಡಿದೆ, ಅಲ್ಲಿಯೂ ಇಲ್ಲ. ಫೆಬ್ರವರಿಯಲ್ಲಿ ದಿನ ಕೇಳಿ ನಾನೇ ಬರೆದೆ. ನೀವು ಉತ್ತರಿಸಲಿಲ್ಲ. ಹೊಸ ವರ್ಷದ ದಿನ ಆಡಿದ ಮಾತಿಗೆ ಶಿಕ್ಷೆ ಕೊಡುತ್ತಿದ್ದೀರಿ ಎಂದುಕೊಂಡೆ. ಮಾರ್ಚ್ ಕೊನೆಗೆ ಮನೆಗೆ ಫೋನ್ ಕೂಡ ಮಾಡಿದೆ. ಗುವೊಡಾಂಗ್ ಎತ್ತಿ, "ಎಲ್ಲಾ ಮೇಲ್‌ನಲ್ಲಿ ಬರೆದಿದೆ, ಓದಿಕೊಳ್ಳಿ" ಎಂದು ಹೇಳಿ ಇಟ್ಟುಬಿಟ್ಟ. ಯಾವ ಮೇಲ್ ಎಂದು ನಾನು ಯಾರನ್ನು ಕೇಳಬೇಕಿತ್ತು?

ನನಗೆ ತಿಳಿಸದೆ ಮಾಡಿ ಮುಗಿಸಬೇಕು ಎಂದಿದ್ದರೆ ಮಾಡಬಹುದಿತ್ತು. ನೀವು ಹಿರಿಯರು. ಮಾಡಿದ ಮೇಲೆ ಬರೆಯಲಿಲ್ಲವೇಕೆ ಎಂದು ನನ್ನನ್ನೇ ಕೇಳುವುದು ಬೇಡವಾಗಿತ್ತು. ಆ ಕೊಡೆ ನಾನು ಹಿಡಿಯಬೇಕಾದದ್ದು. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಾನು ವಿಮಾನದಲ್ಲಿದ್ದೆ, ಮುಖ ನೋಡಲಿಲ್ಲ. ಈ ಕೆಲಸವೊಂದು ಉಳಿದಿದೆ ಎಂದು ಏಳು ವರ್ಷದಿಂದ ಇಟ್ಟುಕೊಂಡಿದ್ದೆ. ಅದನ್ನೂ ಮನೆ ಅಳಿಯನಿಗೆ ಕೊಟ್ಟುಬಿಟ್ಟಿರಿ.

ಅಮ್ಮನನ್ನು ಯಾವ ಗೋಪುರದಲ್ಲಿ ಇಟ್ಟಿದ್ದೀರಿ ಎಂದಾದರೂ ತಿಳಿಸಿ.

ತ್ಯಾನ್‌ಷುನ್

*

ಲುಕಾಂಗ್
5 ಜುಲೈ 2007

ತ್ಯಾನ್‌ಷುನ್,

"ಅಕ್ಕನವರಿಗೆ." "ನೀವು." "ಹಿರಿಯರು." ಅಂಗಡಿಗೆ ಬಂದ ಗಿರಾಕಿಯೇನೋ ನಾನು? ನಿನ್ನ ಮೂಗು ಒರೆಸಿದ ಕೈ ಇದು. ಕೋಪವಿದ್ದರೆ ನೇರವಾಗಿ ಬೈ. ಮರ್ಯಾದೆ ಕೊಟ್ಟು ದೂರ ಕೂರಿಸಬೇಡ.

ಮೇಲ್ ಬಂದಿಲ್ಲ ಅನ್ನುತ್ತೀಯ. ನಾನು ಹಿಟ್ಟಿನ ಹೆಂಗಸು, ಏನು ಹೇಳಿದರೂ ನಂಬುತ್ತೇನೆ ಅಂದುಕೊಂಡಿದ್ದೀಯ. ನಿನ್ನ ಕಾಗದ ಓದಿದವಳೇ ಗುವೊಡಾಂಗ್‌ನನ್ನು ಕರೆದು ತೋರಿಸು ಅಂದೆ. ಮೇಲ್ ಕಳಿಸುವ ಅವನ ಸ್ವಂತ ಯಂತ್ರ ದೇವರ ಪೀಠದ ಪಕ್ಕದಲ್ಲೇ ಇದೆ, ಹಗಲೂ ರಾತ್ರಿ ಹಸಿರು ದೀಪ ಮಿಣುಕಿಸುತ್ತದೆ. ಮಗಳು ಲಿಚುನ್ ಗಂಡನಿಗೆ ಹೆದರಿ ಅದನ್ನೂ ದಿನಾ ಒರೆಸುತ್ತಾಳೆ, ಬಂದವರು ಅದಕ್ಕೂ ಊದುಬತ್ತಿ ಹಚ್ಚಬೇಕೇನೋ ಅಂತ ಕೇಳುತ್ತಾರೆ. "ಕಂಪನಿಯವರ ಮೇಲ್ ಯಾಕತ್ತೆ? ನಮ್ಮ ಪತ್ರಾನ ಅವರು ಯಾಕೆ ಇಟ್ಕೋಬೇಕು? ಅಂಚೆ ಕಚೇರಿ ನಮ್ಮನೇಲೇ ಇರ್ಲಿ" ಅಂತ ಮನೆಗೆ ಇಂಟರ್‌ನೆಟ್ ಬಂದ ವರ್ಷವೇ ಅದನ್ನು ಕೂರಿಸಿದ. ನಮ್ಮ ಓಣಿಯ ಮೀನುಂಡೆ ಅಂಗಡಿಯವಳಿಗೂ ಲಾಟೀನು ಮಾಡುವವನಿಗೂ ಅಲ್ಲಿಂದಲೇ ವಿಳಾಸ ಕೊಟ್ಟಿದ್ದಾನೆ. ಅವರ ಮೇಲ್ ಅವರ ಗಿರಾಕಿಗಳಿಗೆ ಹೋಗುತ್ತದೆ. ನನ್ನದು ಮಾತ್ರ ನಿನಗೆ ಹೋಗುವುದಿಲ್ಲವಾ?

ನನ್ನ ಮೂರು ಪತ್ರ ಅವನು ತೋರಿಸಿದ. ಕಳಿಸಿದ್ದು ಅಂತ ಮೇಲೆ ಬರೆದಿತ್ತು, ಅಷ್ಟು ಓದಲು ನನಗೆ ಬರುತ್ತದೆ. "ಹೋಯ್ತಾ?" ಅಂದೆ. "ಹೋಯ್ತು ಅತ್ತೆ" ಅಂದ. ಕಳಿಸಿದ ದಿನವೂ ಹಾಗೇ ಅಂದಿದ್ದ. ನಿನ್ನ ಫೋನಿನ ವಿಷಯವನ್ನೂ ಕೇಳಿದೆ. ಅಂಥದ್ದೇನೂ ಬಂದಿಲ್ಲ ಅಂದ. ಒಂದೇ ಸೂರಿನಡಿ ಉಂಡು ಮಲಗುವವನು ಅವನು. ಸುಳ್ಳು ಯಾರು ಹೇಳುತ್ತಿದ್ದೀರಿ ಅಂತ ತಿಳಿಯಲು ನನಗೆ ಪಂಚಾಂಗದವನು ಬೇಕಾಗಿಲ್ಲ.

ನಿನಗೆ ಮೀಟಿಂಗ್ ಇತ್ತು, ರಜೆ ಸಿಗಲಿಲ್ಲ, ನಿನ್ನ ಹೆಂಡತಿಗೆ ಇಷ್ಟವಿರಲಿಲ್ಲ, ಇವುಗಳಲ್ಲಿ ಯಾವುದನ್ನಾದರೂ ಹೇಳು. ನುಂಗಿಕೊಳ್ಳುತ್ತೇನೆ. ಯಂತ್ರ ತಿಂದುಹಾಕಿತು ಅಂತ ಮಾತ್ರ ಹೇಳಬೇಡ. ಶಾಲೆಯಲ್ಲಿ ಮನೆಪಾಠ ಬರೆಯದ ದಿನ ಮೇಕೆ ತಿಂತು ಅಂತಿದ್ದೆ. ನಮ್ಮ ಮನೆಯಲ್ಲಿ ಮೇಕೆ ಯಾವಾಗ ಇತ್ತು?

ಅಮ್ಮ ಎಲ್ಲಿದ್ದಾಳೆ ಅಂತ ಕೇಳಿದ್ದೀಯ. ನಿನಗೆ ಹೇಳುವುದಿಲ್ಲ. ಪ್ರತಿ ವರ್ಷ ಈ ತಿಂಗಳು ಕಳಿಸುವ ಶ್ಯಾವಿಗೆಯನ್ನೂ ಕಳಿಸುತ್ತಿಲ್ಲ.

ಬಿಯುನ್

*

ಹಮಾಮತ್ಸು
28 ಜುಲೈ 2007

ಅಕ್ಕ,

ಸಿಟ್ಟಿನಲ್ಲಿ ಉತ್ತರ ಬರೆದು ಹರಿದೆ. ಆಮೇಲೆ ನಮ್ಮ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಹಿರಾಯಮ ಎಂಬುವರ ಹತ್ತಿರ ಹೋದೆ. ನಮ್ಮಕ್ಕ ಸುಳ್ಳು ಹೇಳುವವಳಲ್ಲ, ನಾನೂ ಹೇಳುತ್ತಿಲ್ಲ, ಮಧ್ಯೆ ಏನಾಯಿತು ನೋಡಿ ಎಂದೆ. ಅವರು ನೋಡಿ ಹೇಳಿದ್ದನ್ನು ನಿನಗೆ ತಿಳಿಯುವ ಹಾಗೆ ಬರೆಯುತ್ತೇನೆ.

ಇಂಟರ್‌ನೆಟ್ಟಿನ ಪ್ರತಿ ಲೈನಿಗೂ ಒಂದು ನಂಬರು ಇರುತ್ತದೆ. ಇದು ಕಂಪನಿಯ ಲೈನು, ಇದು ಸಂಸಾರಸ್ಥರ ಮನೆಯ ಲೈನು ಎಂದು ಆ ನಂಬರಿನಿಂದಲೇ ಗೊತ್ತಾಗುತ್ತದೆ. ಕಳ್ಳರು ಜನರ ಮನೆಯ ಕಂಪ್ಯೂಟರುಗಳಿಗೆ ರೋಗ ಹತ್ತಿಸಿ, ಮನೆಯವರಿಗೇ ತಿಳಿಯದ ಹಾಗೆ ಅಲ್ಲಿಂದ ಲಕ್ಷಗಟ್ಟಲೆ ಕಸದ ಮೇಲ್ ಬಿಡುತ್ತಾರಂತೆ. ಅದಕ್ಕೆ ಮನೆಯ ನಂಬರಿನಿಂದ ನೇರವಾಗಿ ಬಂದ ಮೇಲ್ ಯಾವುದನ್ನೂ ನಮ್ಮ ಕಂಪನಿ ಒಳಗೆ ಬಿಡುವುದಿಲ್ಲ. ದೊಡ್ಡ ಮೇಲ್ ಕಂಪನಿಯ ಮೂಲಕ ಕಳಿಸಿದ್ದರೆ ಬರುತ್ತಿತ್ತು. ಗುವೊಡಾಂಗ್ ಮನೆಯಲ್ಲಿ ಇಟ್ಟುಕೊಂಡ ಯಂತ್ರದಿಂದ ಬಂದದ್ದರಿಂದ ಬಾಗಿಲಿಂದಲೇ ವಾಪಸ್ ಕಳಿಸಿದ್ದಾರೆ. ಕಸದ ಪೆಟ್ಟಿಗೆಯವರೆಗೂ ಅದು ಬಂದಿಲ್ಲ. ಪತ್ರದಲ್ಲಿ ಏನಿದೆ ಎಂದು ಯಾರೂ ನೋಡಲಿಲ್ಲ, ಎಲ್ಲಿಂದ ಬಂತು ಎಂದಷ್ಟೇ ನೋಡಿದ್ದು.

"ಬಿಡಿಸಿಕೊಡಿ, ಅದು ನನ್ನ ತಾಯಿಯ ಕೆಲಸದ ಪತ್ರವಾಗಿತ್ತು" ಎಂದೆ. ಹಿರಾಯಮ ಬಹಳ ಹೊತ್ತು ತಲೆ ಬಗ್ಗಿಸಿ ಕ್ಷಮೆ ಕೇಳಿದರು. ನಿಯಮ ಮಾತ್ರ ಸರಿಯಾಗಿಯೇ ಇದೆ ಎಂದರು.

ಅಕ್ಕ, ಇನ್ನೊಂದು ವಿಷಯ. ಹೀಗೆ ವಾಪಸ್ ಕಳಿಸುವಾಗ ನಮ್ಮ ಕಂಪನಿಯ ಯಂತ್ರ ಸುಮ್ಮನೆ ಕಳಿಸುವುದಿಲ್ಲ. 'ನಿಮ್ಮ ಪತ್ರ ತಲುಪಲಿಲ್ಲ, ಕಾರಣ ಇಂಥದ್ದು' ಎಂದು ಕಳಿಸಿದ ಯಂತ್ರಕ್ಕೆ ಕೂಡಲೇ ಹೇಳುತ್ತದೆ. ಅಂದರೆ ಆ ಸುದ್ದಿ ಪ್ರತಿ ಸಲವೂ ನಿನ್ನ ಮನೆಗೆ ಬಂದಿದೆ, ದೇವರ ಪೀಠದ ಪಕ್ಕಕ್ಕೇ ಬಂದಿದೆ.

ಇದರ ಮೇಲೆ ನಾನು ಏನೂ ಹೇಳುವುದಿಲ್ಲ. ಆ ಯಂತ್ರವನ್ನು ಓದುವವರು ಯಾರು ಎಂದು ನಿನಗೆ ಗೊತ್ತು.

ತ್ಯಾನ್‌ಷುನ್

*

ಲುಕಾಂಗ್
19 ಆಗಸ್ಟ್ 2007

ತ್ಯಾನ್‌ಷುನ್,

ನಿನ್ನ ಕಾಗದವನ್ನು ಮೊದಲು ನಾನೇ ಓದಿದೆ, ಆಮೇಲೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ. ಯಾರ ಕೈಲೂ ಓದಿಸಲಿಲ್ಲ. ಮನೆಯಿಂದ ಬಂತು, ಅದಕ್ಕೇ ಕಸ ಅಂದರಂತೆ. ಅಕ್ಕನ ಪತ್ರ ಮನೆಯಿಂದ ಬರದೆ ಇನ್ನೆಲ್ಲಿಂದ ಬರಬೇಕು ಅಂತ ನಿನ್ನ ಹಿರಾಯಮನನ್ನು ಕೇಳು. ಕಳ್ಳರಿಗೆ ಹೆದರಿ ಊರಿನ ಮನೆಗಳಿಗೆಲ್ಲ ಬಾಗಿಲು ಹಾಕಿದ್ದಾರೆ. ತಲೆ ಬಗ್ಗಿಸಿದನಂತೆ. ಬಗ್ಗಿಸಲಿ, ಬೆನ್ನಿಗೆ ಒಳ್ಳೆಯದು.

ಆದರೆ ಅವನು ಪರಕೀಯ, ಅವನ ಮೇಲೆ ನನಗೇನು ಸಿಟ್ಟು. ನನ್ನ ಮನೆಯ ವಿಷಯ ಹೇಳುತ್ತೇನೆ.

ಬೆಳಿಗ್ಗೆ ಅಂಗಳದಲ್ಲಿ ಶ್ಯಾವಿಗೆ ಎಳೆಯುತ್ತಿದ್ದೆವು. ಒಂದು ತುದಿಯ ಕೋಲು ನನ್ನ ಕೈಯಲ್ಲಿ, ಇನ್ನೊಂದು ಗುವೊಡಾಂಗ್ ಕೈಯಲ್ಲಿ. ಎಳೆ ನಡುವೆ ತೂಗುತ್ತಿತ್ತು, ಬಿಟ್ಟು ಓಡುವ ಹಾಗಿಲ್ಲ. ಆಗಲೇ ಕೇಳಿದೆ.

"ವಾಪಸ್ ಬಂದದ್ದು ಎಲ್ಲಿಟ್ಟಿದ್ದೀಯಪ್ಪ?"

"ಏನತ್ತೆ ವಾಪಸ್ ಬಂದದ್ದು?"

"ನನ್ನ ಪತ್ರ. ಬಾಗಿಲಿಂದಲೇ ತಳ್ಳಿ, ತಳ್ಳಿದೀವಿ ಅಂತ ಹೇಳಿ ಕಳಿಸಿದ್ರಂತಲ್ಲ, ಅದು."

ಅವನ ಕಡೆಯ ಕೋಲು ಇಳಿಯಿತು. ಎಳೆ ನೆಲಕ್ಕೆ ತಾಗಿತು. ಒಳಗಿನಿಂದ ಲಿಚುನ್, "ಅಮ್ಮ, ಹಿಟ್ಟು ಒಣಗ್ತಿದೆ, ಆಮೇಲೆ ಮಾತಾಡಿ" ಅಂದಳು. "ಒಣಗ್ಲಿ ಬಿಡೆ" ಅಂದೆ. ಅವಳ ದನಿಯಲ್ಲೇ ನನಗೆ ಗೊತ್ತಾಯಿತು, ಅವಳಿಗೂ ತಿಳಿದಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ.

"ಬಂತು ಅತ್ತೆ. ಮೂರೂ ಸಲ ಬಂತು" ಅಂದ. "ಸರಿ ಮಾಡ್ತೀನಿ ಅಂದ್ಕೊಂಡೆ. ನಮ್ಮ ನಂಬರನ್ನ ಬಿಡಿ ಅಂತ ಎಲ್ಲೆಲ್ಲೋ ಬರೆದೆ. ನಿಮ್ಮದು ಮನೆ ಲೈನು, ಆಗಲ್ಲ ಅಂದ್ರು. ದಾರಿ ಬದಲಾಯಿಸಿ ಇನ್ನೊಂದ್ಸಲ ಕಳಿಸ್ದೆ. ಹೋಗತ್ತೆ ಅಂತಲೇ ಇದ್ದೆ."

"ಮತ್ತೆ ಹೋಯ್ತು ಅಂತ ನನಗ್ಯಾಕೆ ಅಂದೆ?"

"ಓಣಿಯವರೆಲ್ಲ ನಮ್ಮನೇ ಮೇಲ್ ಮೇಲೆ ನಿಂತಿದಾರೆ. ಹೋಗಲ್ಲ ಅಂತ ಹೇಗನ್ನಲಿ?"

"ಹೋಗಲ್ಲ ಅಂತ ಅನ್ನಬೇಕಿತ್ತು. ಒಂದು ಮಾತು. ನಾನೇ ಬಸ್ ಹತ್ತಿ ವಿಮಾನದ ತನಕ ಹೋಗಿ ಅವನನ್ನ ಕರ್ಕೊಂಡು ಬರ್ತಿದ್ದೆ."

ಅವನು ಬಾಗಿ ನೆಲಕ್ಕೆ ತಾಗಿದ ಎಳೆ ಎತ್ತಿಕೊಂಡ. ಗುಡ್ಡದ ಮೇಲೆ ಅಷ್ಟು ಹೊತ್ತು ನಾವು ದಾರಿ ನೋಡಿದಾಗ ನನ್ನ ಪಕ್ಕದಲ್ಲೇ ನಿಂತು ತಾನೂ ದಾರಿ ನೋಡಿದನಲ್ಲ, ಅದನ್ನು ನೆನೆಸಿಕೊಂಡೆ. ನಿನಗೆ ದಿನವೇ ತಿಳಿದಿಲ್ಲ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆ ನೋಡಿದ. ಆಮೇಲೆ ಕೊಡೆ ತೆಗೆದುಕೊಂಡ. ಆ ಹೊಟ್ಟೆಯಲ್ಲಿ ಸುಳ್ಳಿಟ್ಟುಕೊಂಡು ನನ್ನ ಅಮ್ಮನಿಗೆ ನೆರಳು ಹಿಡಿದ.

"ಫೋನು?" ಅಂದೆ.

"ಬಂದಿತ್ತು. ಹೇಳೋಣ ಅಂತಲೇ ಬಾಯಿ ತೆಗೆದೆ. ಮಾವ ಏನಂದ್ರು ಗೊತ್ತಾ? 'ಅಕ್ಕನಿಗೆ ಕೊಡು ಫೋನು. ನೀನು ಬೇರೆ ಮನೆತನದವನು, ನಮ್ಮ ಮಧ್ಯೆ ಬಾಯಿ ಹಾಕ್ಬೇಡ' ಅಂದ್ರು. ಹದಿನಾರು ವರ್ಷದಿಂದ ಈ ಮನೇಲಿ ಶ್ಯಾವಿಗೆ ಎಳೀತಿದೀನಿ ಅತ್ತೆ. ಸಿಟ್ಟು ಬಂತು. ಮೇಲ್ ಓದ್ಕೊಳ್ಳಿ ಅಂತ ಇಟ್ಬಿಟ್ಟೆ."

ನಿನ್ನ ಕಾಗದದಲ್ಲಿ ಆ ಮಾತು ಇರಲಿಲ್ಲ, ತ್ಯಾನ್‌ಷುನ್. ಅವನು ಇಟ್ಟುಬಿಟ್ಟ ಅಂತ ಮಾತ್ರ ಬರೆದಿದ್ದೆ.

ಆಮೇಲೆ ಅವನು ಇನ್ನೂ ಒಂದು ಹೇಳಿದ. ಅದನ್ನು ಬರೆಯಲಿಕ್ಕೇ ಈ ಕಾಗದ. ಮೊದಲಿನದೆಲ್ಲ ಮನೆಯ ಜಗಳ.

"ಇಟ್ಟ ಮೇಲೆ ಮನಸ್ಸು ತಡೀಲಿಲ್ಲ. ಪರದೆ ಮೇಲೆ ನಂಬರ್ ಇತ್ತಲ್ಲ, ತಿರುಗಿಸಿ ಮಾಡ್ದೆ. ಒಬ್ಬ ಹೆಂಗಸು ಎತ್ತಿ ಹೋಟೆಲ್ ಅಂದ್ಲು. ತೈಚುಂಗ್ ಹೋಟೆಲ್."

"ಯಾವ ತೈಚುಂಗ್?"

"ಎಷ್ಟು ತೈಚುಂಗ್ ಇದೆ ಅತ್ತೆ?"

ಅಮ್ಮನನ್ನು ಎತ್ತುವುದಕ್ಕೆ ಎರಡು ದಿನ ಮೊದಲು ನೀನು ತೈಚುಂಗ್‌ನಲ್ಲಿದ್ದೆ. ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಲಿಚುನ್ ಸೀರಿಯಲ್ಲು ನೋಡುತ್ತಾ ಬಟ್ಟೆ ಮಡಿಸಿ ಮುಗಿಸುವಷ್ಟರಲ್ಲಿ ಬಂದು ಬಿಡಬಹುದು. ಗೋರಿ ಗುಡಿಸುವ ಹಬ್ಬ ಮುಂದಿನ ವಾರವೇ ಇತ್ತು. ಅದಕ್ಕೆ ಯಾರೂ ಮೇಲ್ ಕಳಿಸಬೇಕಾಗಿಲ್ಲ, ಪ್ರತಿ ವರ್ಷ ತಾನಾಗಿಯೇ ಬರುತ್ತದೆ. ನನ್ನ ಪತ್ರವನ್ನು ಯಂತ್ರ ತಳ್ಳಿತು, ಒಪ್ಪಿದೆ. ನಿನ್ನನ್ನು ಯಾರು ತಳ್ಳಿದರು?

ಅಮ್ಮನನ್ನು ಕೇಳಿದ್ದೆನಲ್ಲ, ಮಗ ಬಂದನೇನೇ ಅಂತ. ಮೂರು ಸಲ ಹೌದು ಅಂದಳಲ್ಲ. ಸುಳ್ಳಾಯಿತು ಅಂತ ಇಷ್ಟು ದಿನ ಆ ತುಂಡುಗಳನ್ನು ಮುಟ್ಟಿರಲಿಲ್ಲ. ಸುಳ್ಳು ಹೇಳದವಳು ಈ ಮನೆಯಲ್ಲಿ ಅವಳೊಬ್ಬಳೇ.

ಏನಾಯಿತು ಬರೆ. ಮೇಕೆಯ ಕಥೆ ಬೇಡ.

ಬಿಯುನ್

*

ಹಮಾಮತ್ಸು
3 ಸೆಪ್ಟೆಂಬರ್ 2007

ಅಕ್ಕ,

ತೈಚುಂಗ್‌ನಲ್ಲಿ ಕಾರ್ಖಾನೆ ಯಂತ್ರಗಳ ಪ್ರದರ್ಶನ ಇತ್ತು. ನಮ್ಮ ಕಂಪನಿಯ ಮಳಿಗೆಯಲ್ಲಿ ನಿಲ್ಲಲು ನನ್ನನ್ನು ಕಳಿಸಿದ್ದರು. ಫೆಬ್ರವರಿಯಲ್ಲೇ ಗೊತ್ತಿತ್ತು. ನಿನಗೆ ಹೇಳದೆ ಬಂದು ಬಾಗಿಲಲ್ಲಿ ನಿಲ್ಲೋಣ ಎಂದುಕೊಂಡಿದ್ದೆ. ನಿನ್ನಿಂದ ಒಂದು ಸಾಲೂ ಬಾರದೆ ಹೋದಾಗ ಆ ಉಮೇದು ಹೋಯಿತು. ಫೋನಿನಲ್ಲಿ ಗುವೊಡಾಂಗ್‌ಗೆ ಹಾಗೆ ಅಂದೆ, ನಿಜ. ಅಂದ ಕೂಡಲೇ ತಪ್ಪು ಅನಿಸಿತು, ಅಷ್ಟರಲ್ಲಿ ಅವನು ಇಟ್ಟಿದ್ದ.

ಮಾರನೆಯ ದಿನ ಸಂಜೆ ಟ್ಯಾಕ್ಸಿ ಮಾಡಿಕೊಂಡು ಬಂದೆ. ದೇವಸ್ಥಾನದ ಹತ್ತಿರ ಇಳಿದು ಓಣಿಯವರೆಗೆ ನಡೆದೆ. ಗೋಡೆಯ ಮೇಲಿಂದ ಶ್ಯಾವಿಗೆಯ ಕೋಲುಗಳು ಕಂಡವು. ನೀನು ಒಳಗೆ ಯಾರಿಗೋ ಬೈಯುತ್ತಿದ್ದೆ, ದನಿ ಕೇಳಿಸಿತು. ನನಗೇ ಬೈಯುತ್ತಿದ್ದಾಳೆ ಅನಿಸಿತು. ಉತ್ತರವನ್ನೇ ಕೊಡದವಳು ಬಾಗಿಲು ತೆಗೆಯುತ್ತಾಳಾ ಎಂದು ನಿಂತೆ. ಮೀನುಂಡೆ ಅಂಗಡಿಯವಳು, "ಏನ್ ಬೇಕಿತ್ತು ಸಾರ್?" ಎಂದಳು. ಗುರುತು ಸಿಗಲಿಲ್ಲ ಅವಳಿಗೆ. ಏನೂ ಬೇಡ ಎಂದು ವಾಪಸ್ ಹೋದೆ. ಮಾರನೆಯ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ಇತ್ತು.

ಅದೇ ಬೆಳಿಗ್ಗೆ ನೀವು ಗುಡ್ಡದಲ್ಲಿದ್ದಿರಿ ಎಂಬುದು ನಿನ್ನ ಮೊದಲನೆಯ ಕಾಗದ ಓದಿದಾಗ ತಿಳಿಯಿತು. ಅದಕ್ಕೇ ಹೇಳಲಾಗಲಿಲ್ಲ. 'ನೀವು' ಎಂದು ಬರೆದದ್ದೂ ಅದಕ್ಕೇ ಇರಬೇಕು.

ಅಕ್ಕ, ಅಮ್ಮ ಎಲ್ಲಿದ್ದಾಳೆ? ಜೂನ್‌ನಲ್ಲೇ ಕೇಳಿದೆ, ನೀನು ಹೇಳಿಲ್ಲ.

ತ್ಯಾನ್‌ಷುನ್

*

ಲುಕಾಂಗ್
17 ಸೆಪ್ಟೆಂಬರ್ 2007

ತ್ಯಾನ್‌ಷುನ್,

ಆ ಸಂಜೆ ನಾನು ಬೈಯುತ್ತಿದ್ದದ್ದು ಲಿಚುನ್‌ಗೆ. ಮಾರನೆಯ ದಿನ ಗುಡ್ಡಕ್ಕೆ ಒಯ್ಯಲು ಹಂದಿಕಾಲು ಬೇಯಿಸು ಅಂದರೆ ಸಣ್ಣ ಪಾತ್ರೆ ಇಟ್ಟಿದ್ದಳು. "ನನ್ನ ತಮ್ಮ ಬರ್ತಾನೆ, ದೊಡ್ಡದಿಡು, ಅವನು ಒಬ್ಬನೇ ಎರಡು ತಿಂತಾನೆ" ಅಂತ ಕೂಗಾಡಿದೆ. ನೀನು ಗೋಡೆಯ ಆಚೆ ನಿಂತು ಕೇಳಿದ್ದು ಅದು. ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ನಿನಗೆ ಚಿಕ್ಕಂದಿನಿಂದಲೂ ಇಲ್ಲ.

ಎಲ್ಲಿಂದ ಬಂತು ಅಂತ ಮಾತ್ರ ನೋಡಿ, ಒಳಗೇನಿದೆ ಅಂತ ನೋಡದೆ ವಾಪಸ್ ಕಳಿಸುವ ಯಂತ್ರದ ಮೇಲೆ ನೀನು ದೂರು ಬರೆದಿದ್ದೆ. ನೀನು ನನ್ನ ದನಿಗೆ ಮಾಡಿದ್ದೂ ಅದನ್ನೇ.

ಈಗ ಅಮ್ಮನ ವಿಷಯ. ಅವಳು ಗೋಪುರದಲ್ಲಿಲ್ಲ. ಯಾನ್ ಮೇಸ್ತ್ರಿ ಮೂಳೆಗಳನ್ನು ತೊಳೆದು ಒಣಗಿಸಿ, ಕಾಲಿನಿಂದ ತಲೆಯವರೆಗೆ ಕೂತಂತೆ ಜೋಡಿಸಿ ಮಡಕೆಯಲ್ಲಿಟ್ಟ. ಮುಚ್ಚಳ ಹಾಕಿ ಕೆಂಪು ಬಟ್ಟೆ ಕಟ್ಟಬೇಕಾದವನು ಮಗ. ಅವತ್ತು ಗುವೊಡಾಂಗ್ ಅದಕ್ಕೂ ಕೈ ಚಾಚಿದ. ಕೊಡೆ ಬಿಟ್ಟುಕೊಟ್ಟೆ, ಇದನ್ನು ಬಿಡಲಿಲ್ಲ. ಆರು ತಿಂಗಳಿಂದ ಮಡಕೆ ಗುಡ್ಡದ ಬುಡದಲ್ಲಿ, ಯಾನ್ ಮೇಸ್ತ್ರಿಯ ತಗಡಿನ ಚಪ್ಪರದಡಿ ಕೂತಿದೆ, ಬಟ್ಟೆ ಕಟ್ಟದೆ. ಪಕ್ಕದಲ್ಲಿ ಯಾರ್ಯಾರದೋ ಮಡಕೆಗಳಿವೆ, ಹೇಳುವವರು ಕೇಳುವವರು ಇಲ್ಲದವರದು. ಹೋದ ತಿಂಗಳ ಬಿರುಗಾಳಿಗೆ ಒಂದು ತಗಡು ಹಾರಿತು. ನಾನೇ ಹೋಗಿ ಕಲ್ಲು ಹೇರಿ ಬಂದೆ. "ಮಗನನ್ನ ಕಾಯ್ತಾ ಇದೀಯಾ ತಾಯಿ, ಇಲ್ಲ ಹಟಕ್ಕೆ ಕೂರಿಸಿದೀಯಾ?" ಅಂತ ಮೇಸ್ತ್ರಿ ಕೇಳಿದ. ಎರಡೂ ಅಂದೆ. ಇದನ್ನು ನಿನಗೆ ಜೂನ್‌ನಲ್ಲೇ ಬರೆಯಬಹುದಿತ್ತು. ಬರೆದರೆ ನೀನು ಕನಿಕರಕ್ಕೆ ಬರುತ್ತಿದ್ದೆ. ನನಗೆ ಕನಿಕರ ಬೇಡವಾಗಿತ್ತು.

ಗುವೊಡಾಂಗ್ ಮನೆಯಲ್ಲೇ ಇದ್ದಾನೆ. ಊಟ ಹಾಕುತ್ತೇನೆ, ಮಾತಾಡಿಸುವುದಿಲ್ಲ. ಓಣಿಯವರಿಗೆಲ್ಲ ಅವನೇ ಹೋಗಿ ಹೇಳಿ ಬಂದ, ನಮ್ಮನೆಯ ಮೇಲ್ ಎಲ್ಲ ಕಡೆಗೂ ಹೋಗುವುದಿಲ್ಲ ಅಂತ. ಯಂತ್ರವನ್ನು ದೇವರ ಪಕ್ಕದಿಂದ ತೆಗೆದು ಹಿಟ್ಟಿನ ಕೋಣೆಗೆ ಹಾಕಿದ್ದಾನೆ. ಲಿಚುನ್ ಅಳುತ್ತಾಳೆ. ಅಳಲಿ. ಮೂರು ಸಲ "ಹೋಯ್ತು" ಅನ್ನುವುದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡವಳು. ನೀನು ಅವನಿಗೆ ಆಡಿದ ಮಾತಿಗೆ ಅವನ ಹತ್ತಿರವೇ ಮಾತಾಡಬೇಕು, ನನ್ನ ಮೂಲಕ ಅಲ್ಲ. ಅವನು ನನಗೆ ಮಾಡಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮಿಬ್ಬರನ್ನೂ ನಾನು ಕ್ಷಮಿಸಿಲ್ಲ, ಹಾಗಂತ ಯಾರೂ ಅಂದುಕೊಳ್ಳಬೇಡಿ. ಹೊರಗಿನ ಯಂತ್ರ ನನ್ನನ್ನು ನಂಬಲಿಲ್ಲ, ಅದಕ್ಕೆ ನಾನು ಯಾರೋ. ನಿಮ್ಮ ಮೂವರಿಗೂ ನಾನು ಯಾರು ಅಂತ ಗೊತ್ತಿತ್ತು.

ಪಂಚಾಂಗದವನು ಹೊಸ ದಿನ ಕೊಟ್ಟಿದ್ದಾನೆ. ಒಂಬತ್ತನೆಯ ತಿಂಗಳ ಒಂಬತ್ತು. ನಿಮ್ಮ ಲೆಕ್ಕದಲ್ಲಿ ಅಕ್ಟೋಬರ್ 19, ಶುಕ್ರವಾರ. ಮಡಕೆಯನ್ನು ಎದೆಗವಚಿಕೊಂಡು ಗೋಪುರದವರೆಗೆ ಒಯ್ಯಬೇಕು. ದಾರಿಯಲ್ಲಿ ಎರಡು ಸೇತುವೆ. "ಅಮ್ಮಾ, ಸೇತುವೆ ಬಂತು, ದಾಟ್ತಿದೀವಿ, ಜೊತೇಲೇ ಬಾ" ಅಂತ ಮಗ ಕೂಗಿ ಹೇಳಬೇಕು, ಇಲ್ಲದಿದ್ದರೆ ಅವಳಿಗೆ ದಾರಿ ತಿಳಿಯುವುದಿಲ್ಲ, ಈಚೆ ದಡದಲ್ಲೇ ನಿಂತುಬಿಡುತ್ತಾಳೆ. ನೀನು ಬಂದರೆ ನೀನು ಕೂಗು. ಬಾರದಿದ್ದರೆ ಅಳಿಯನಿಗೆ ಕೊಡುವುದಿಲ್ಲ. ಹೆಣ್ಣು ಒಯ್ಯಬಾರದು ಅಂತ ಚಿಕ್ಕಪ್ಪನ ಮನೆಯವರು ಹೇಳುತ್ತಾರೆ, ಹೇಳಿಕೊಳ್ಳಲಿ. ನಾನೇ ಒಯ್ಯುತ್ತೇನೆ, ನಾನೇ ಕೂಗುತ್ತೇನೆ. ನನ್ನ ದನಿ ಗೋಡೆಯಾಚೆಗೂ ಕೇಳಿಸುತ್ತದೆ ಅಂತ ನಿನಗೆ ಗೊತ್ತೇ ಇದೆ. ಆಮೇಲೆ ನಿನಗೆ ಈ ಮನೆಯಲ್ಲಿ ಕೆಲಸವಿಲ್ಲ.

ಮೇಲ್ ಬೇಡ. ಫೋನ್ ಬೇಡ. ಗೋಡೆಯಾಚೆ ನಿಲ್ಲುವುದೂ ಬೇಡ. ಬರುತ್ತೀಯೋ ಇಲ್ಲವೋ, ಕಾಗದದ ಮೇಲೆ, ನಿನ್ನ ಕೈಯಾರೆ. ಅಕ್ಟೋಬರ್ 5ರೊಳಗೆ ನನಗೆ ಉತ್ತರ ಬೇಕು.

ಬಿಯುನ್